ಹಾವಿಗಿಂತ ಮೊದಲು ಹಕ್ಕಿ ಸಾಕಿ

ಡ್ಯಾಸಿಪೆಲ್ಟಿಸ್, ಅಂದರೆ ಆಫ್ರಿಕಾದ ಮೊಟ್ಟೆಬಾಕ ಹಾವು. ಮರಿ ಮಾಡಿಸೋದು ಅಷ್ಟೇನೂ ಕಷ್ಟವಲ್ಲ: ವರ್ಮಿಕ್ಯುಲೈಟ್‌ಗೆ (ನೀರು ಹಿಡಿದಿಡುವ ಹಗುರ ಖನಿಜದ ಹರಳು) ಅದರ ತೂಕದಷ್ಟೇ ನೀರು ಬೆರೆಸಿ, 27–28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ಇಟ್ಟು, ಮಗ್ಗುಲು ಬದಲಿಸದೆ ಎರಡು-ಮೂರು ತಿಂಗಳು ಕಾಯಬೇಕು.

ಫಜೀತಿ ಶುರುವಾಗೋದು ಆಮೇಲೆ. ಪೆನ್ಸಿಲಿಗಿಂತ ಸಣ್ಣ ಮರಿಯ ಬಾಯಿಗೆ ಕ್ವೈಲ್ ಹಕ್ಕಿಯ ಮೊಟ್ಟೆ ಹಿಡಿಯಲ್ಲ. ಫಿಂಚ್ ಅನ್ನೋ ಪುಟಾಣಿ ಹಕ್ಕಿಯ ಮೊಟ್ಟೆಯೇ ಬೇಕು. ಅದೂ ತಾಜಾ, ತೊಳೆಯದ್ದು. ತೊಳೆದರೆ ವಾಸನೆ ಹೋಗುತ್ತೆ, ಹಾವು ಮೂಸಿ ಬಿಟ್ಟುಬಿಡುತ್ತೆ. ಕಾವು ಕೂತು ಭ್ರೂಣ ಬೆಳೆದಿದ್ದರೂ ಒಲ್ಲೆ ಅನ್ನುತ್ತೆ. ನುಂಗಿದ ಮೇಲೆ ಬೆನ್ನುಮೂಳೆಯ ಮುಳ್ಳುಗಳಿಂದ ಒಡೆದು, ರಸ ಹೀರಿ, ಚಿಪ್ಪನ್ನು ಮಡಚಿ ಉಗುಳುತ್ತೆ. ಉಗುಳಿದ ಚಿಪ್ಪು ಕಂಡರೆ ಊಟ ಆಯ್ತು ಅಂತ ಲೆಕ್ಕ.

ಹೆಚ್ಚುಕಮ್ಮಿ ಹಲ್ಲೇ ಇಲ್ಲದ ಹಾವಿಗೆ ಎಷ್ಟೊಂದು ನಾಜೂಕು! ಫಿಂಚ್ ಜೋಡಿ ಮೊಟ್ಟೆ ಇಡಲು ಶುರು ಮಾಡುವ ತನಕ ಗಂಡು-ಹೆಣ್ಣು ಹಾವುಗಳನ್ನು ಮರಿಗಾಗಿ ಜೊತೆಗೆ ಬಿಡಬೇಡಿ.