ಪ್ರೂಫಿನಲ್ಲಿ ಹೊಡೆದು ಹಾಕಿದ ಒಂದು ಪದ

ಆ ವರ್ಷ ನಮ್ಮ ಸಭೆಯ, ಅಂದರೆ ಚರ್ಚಿನ, ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶನಿವಾರ ಸಂಜೆ ಪ್ರೆಸ್ಸಿನಿಂದ ಪ್ರೂಫ್ ಬಂತು. ಕಮಿಟಿಯ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಕೈಗೇ ವಾಪಸ್ ಕೊಟ್ಟರು. "ಎಲ್ಲರಿಗೂ ಶ್ರೀಯುತ ಹಾಕಿದ್ದೀಯ. ನನ್ನ ಹೆಸರಿಗೆ ಯಾಕಪ್ಪಾ ಇಲ್ಲ?"

ನಿಜ, ಬಿಟ್ಟುಹೋಗಿತ್ತು. ನಲವತ್ತು ವರ್ಷ ಸಭೆಯ ಲೆಕ್ಕ ಬರೆದವರು ಅವರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಆದರೆ ಮನೆಗೆ ಬರುವಷ್ಟರಲ್ಲಿ ಅದು ಸಿಟ್ಟಾಗಿತ್ತು. ಯಾರನ್ನೂ ತಂದೆ ಎಂದು ಕರೆಯಬೇಡಿ, ಬೋಧಕರೆನಿಸಿಕೊಳ್ಳಬೇಡಿ, ನೀವೆಲ್ಲರೂ ಸಹೋದರರು ಎಂದು ಯೇಸು ಹೇಳಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲೇ ಇದೆಯಲ್ಲ. ಹಾಗಿದ್ದರೆ ಕಾರ್ಡಿನಲ್ಲಿ ಯಾರಿಗೂ ಏನೂ ಬೇಡ, ಎಲ್ಲಾ ತೆಗೆದುಬಿಡೋಣ ಅಂದುಕೊಂಡೆ.

ಪ್ರೂಫ್ ಹಿಡಿದು ಅಯ್ಯನವರ ಮನೆಗೆ ಹೋದೆ. ನಮ್ಮಲ್ಲಿ ಸಭಾಪಾಲಕರನ್ನು, ಅಂದರೆ ಪಾದ್ರಿಗಳನ್ನು, ಹಾಗೇ ಕರೆಯುವುದು. ಎಂಬತ್ತು ದಾಟಿದ ನನ್ನ ಅಜ್ಜಿಯೂ ಮೊಮ್ಮಗನ ವಯಸ್ಸಿನ ಅವರನ್ನು ಅಯ್ಯನವರೇ ಅಂತಲೇ ಮಾತಾಡಿಸುತ್ತಾರೆ.

ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಬೈಬಲ್ ತೆಗೆದರು. "ಎಂಟನೇ ವಚನದಿಂದ ಶುರು ಮಾಡಬೇಡ. ಐದರಿಂದ ಓದು" ಅಂದರು. ಓದಿದೆ. ಜನ ನೋಡಲಿ ಅಂತ ಮಾಡುವವರು, ಔತಣದಲ್ಲಿ ಮೊದಲ ಜಾಗ ಬೇಕೆನ್ನುವವರು, ಪೇಟೆಯಲ್ಲಿ ನಮಸ್ಕಾರ ಬಯಸುವವರು. ಮಾತು ಹೊರಟಿದ್ದು ಅಲ್ಲಿಂದ.

"ಸುವಾರ್ತೆ ಸಾರಿದ ಪೌಲನೇ ಕೊರಿಂಥದ ಸಭೆಯವರಿಗೆ ನಾನು ನಿಮ್ಮ ತಂದೆಯಾದೆ ಅಂತ ಬರೆದಿದ್ದಾನೆ. ಪದ ತಪ್ಪಾಗಿದ್ರೆ ಅವನು ಬರೀತಿದ್ನಾ? ಕಥೊಲಿಕರು ಫಾದರ್ ಅನ್ನೋದೂ ಪ್ರೀತಿಯಿಂದಲೇ ಅಲ್ವಾ?"

"ಹಾಗಾದ್ರೆ ಎಲ್ಲಾ ಇರಲಿ ಅಂತೀರಾ, ಅಯ್ಯನವರೇ?"

ಅವರು ಪೆನ್ನು ಕೇಳಿದರು. ತಮ್ಮ ಹೆಸರಿನ ಹಿಂದಿದ್ದ ರೆವರೆಂಡ್ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು. ಹೆಸರಿನ ಮುಂದೆ ಸಭಾಪಾಲಕರು ಅಂತ ಬರೆದರು. ಆಮೇಲೆ ಕೆಳಗೆ ಹೋಗಿ, ಆ ಹಿರಿಯರ ಹೆಸರಿಗೆ ತಾವೇ ದುಂಡಗೆ ಶ್ರೀಯುತ ಸೇರಿಸಿದರು.

"ಬಿಡೋದಾದ್ರೆ ನಮ್ಮದನ್ನ ಬಿಡಬೇಕಪ್ಪಾ. ಇನ್ನೊಬ್ಬರದ್ದನ್ನ ಕಿತ್ತುಕೊಳ್ಳೋದಲ್ಲ. ಮರ್ಯಾದೆ ಕೊಡೋದರಲ್ಲಿ ಮುಂದಾಗಿರಿ ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲೂ ಇದೆ."

ನಾನು ಹೊರಟಿದ್ದು ಸರಿಯಾಗಿ ಅದರ ಉಲ್ಟಾ. ಬೈಬಲಿನ ವಾಕ್ಯ ಹಿಡಿದುಕೊಂಡು ಒಬ್ಬ ಮುದುಕರ ಮರ್ಯಾದೆ ತೆಗೆಯಲು ಹೊರಟಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮ ಭಾಷೆಯಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ನೀನು, ನೀವು ಅನ್ನುವುದರಲ್ಲೇ ಮರ್ಯಾದೆ ಕೂತಿರುತ್ತದೆ. ಅಮ್ಮ ಓದುವ ಹಳೇ ಬೈಬಲಿನಲ್ಲಿ ಯೇಸು 'ಹೇಳಿದನು'. ನನ್ನ ಹತ್ತಿರ ಇರುವ ಹೊಸ ಅನುವಾದದಲ್ಲಿ ಯೇಸುಸ್ವಾಮಿ 'ಹೇಳಿದರು'. ಇಬ್ಬರಿಗೂ ಭಕ್ತಿ ಒಂದೇ.

ಮಾರನೇ ದಿನ ಆರಾಧನೆ ಶುರುವಾಗುವ ಮೊದಲೇ ಹಿರಿಯರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ತಿದ್ದಿದ ಪ್ರೂಫ್ ತೋರಿಸಿದೆ. ಅವರು ಕನ್ನಡಕ ಏರಿಸಿ ಮೊದಲು ನೋಡಿದ್ದು ತಮ್ಮ ಹೆಸರನ್ನಲ್ಲ, ಅಯ್ಯನವರ ಹೆಸರಿನ ಮೇಲಿದ್ದ ಗೆರೆಯನ್ನು. ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಅವತ್ತು ಪ್ರಾರ್ಥನೆ ಮಾಡುವ ಸರದಿ ಅವರದ್ದೇ. ಮುಂದೆ ಹೋಗಿ ಕಣ್ಣು ಮುಚ್ಚಿದರು. "ತಂದೆಯೇ, ನೀನು ನಮ್ಮನ್ನು ಹೆಸರು ಹಿಡಿದು ಬಲ್ಲೆ" ಅಂತ ಶುರು ಮಾಡಿದರು. ದನಿ ಸ್ವಲ್ಪ ನಡುಗುತ್ತಿತ್ತು.