ಗುಲುವಿಗೆ ಹೋಗುವವರಿಗೆ: 'ಯುದ್ಧ ಟೂರ್' ಬೇಡ, ರಾಗಿ ಮುದ್ದೆ ಬಿಡಬೇಡಿ

ಉತ್ತರ ಉಗಾಂಡಾದ ಗುಲು ಕಡೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಹಿಂದೆ ಅಲ್ಲಿ ಬಂಡುಕೋರರಿಗೂ ಸರ್ಕಾರಕ್ಕೂ ವರ್ಷಗಟ್ಟಲೆ ಯುದ್ಧ ನಡೆದಿತ್ತು, ಅದನ್ನೇ ಕೆಲವು ಹೋಟೆಲಿನವರು 'ಯುದ್ಧ ಟೂರ್' ಅಂತ ಮಾರುತ್ತಾರೆ. ನಮ್ಮಿಂದ ತಲೆಗೆ 80 ಡಾಲರ್ ಕಿತ್ತರು. ಅದರಲ್ಲಿ ಕಾರು, ಗೈಡು, ಒಂದು ಬಾಟಲಿ ನೀರು. ಮತ್ತೆ ಒಬ್ಬ ಹೆಂಗಸು.

ಹೌದು, ಹೆಂಗಸು. ಗೈಡ್ ಒಂದು ಮನೆಯಂಗಳಕ್ಕೆ ಕರೆದುಕೊಂಡು ಹೋದ. ಆಕೆ ಚಾಪೆ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. 'ಚಿಕ್ಕವಳಿದ್ದಾಗ ಬಂಡುಕೋರರು ಇವಳನ್ನು ಹೊತ್ತೊಯ್ದಿದ್ದರು, ಏನು ಬೇಕಾದರೂ ಕೇಳಿ' ಅಂದ. ಆಕೆ ತಲೆ ಎತ್ತಲಿಲ್ಲ. ಹೆಬ್ಬೆರಳಿನಿಂದ ಕಾಯಿ ಒತ್ತುವುದು, ಕಾಳು ಮೊರಕ್ಕೆ, ಸಿಪ್ಪೆ ಪಕ್ಕಕ್ಕೆ. ನನ್ನ ಹೆಂಡತಿ ಏನೂ ಕೇಳದೆ ಪಕ್ಕದಲ್ಲಿ ಕೂತು ತಾನೂ ಬಿಡಿಸತೊಡಗಿದಳು. ಗೈಡಿಗೆ ಕಿರಿಕಿರಿ. 'ಇದು ಪ್ಯಾಕೇಜಿನಲ್ಲೇ ಇದೆ, ಕೇಳಿ' ಅಂದ. ಆ 80 ಡಾಲರಿನಲ್ಲಿ ಆಕೆಗೆ ಎಷ್ಟು ಅಂತ ಕೇಳಿದೆ. ಡ್ರೈವರ್ ನಕ್ಕ, ಗೈಡ್ ಮಾತು ಬದಲಿಸಿದ.

ಹಾಗಂತ ಹೋಗಲೇಬೇಡಿ ಅನ್ನುತ್ತಿಲ್ಲ. ನೀವೇ ಹೋಗಿ. ಲುಕೋಡಿ ಅನ್ನುವ ಹಳ್ಳಿ ಗುಲುವಿನಿಂದ ಉತ್ತರಕ್ಕೆ, ಬೋಡಾದಲ್ಲಿ, ಅಂದರೆ ಬಾಡಿಗೆ ಬೈಕಿನಲ್ಲಿ, ಆರಾಮಾಗಿ ಹೋಗಬಹುದು. ಕಾಯುವುದೂ ಸೇರಿ ಹೋಗಿಬರಲು 30 ಸಾವಿರ ಶಿಲ್ಲಿಂಗ್‌ಗೆ ನಮ್ಮವನು ಒಪ್ಪಿದ. ಕೆಂಪು ಮುರುಮಿನ ರಸ್ತೆ, ಮಳೆ ಬಂದಿದ್ದರೆ ಆ ದಿನ ಬಿಟ್ಟುಬಿಡಿ. ಊರು ಮುಟ್ಟಿದ ಮೇಲೆ ಎಲ್‌ಸಿ (ಸ್ಥಳೀಯ ಕೌನ್ಸಿಲ್) ಚೇರ್ಮನ್ ಯಾರು ಅಂತ ವಿಚಾರಿಸಿ, ಅವರಿಗೆ ಹೇಳಿಯೇ ಮುಂದೆ ಹೋಗಿ. 2004ರ ಮೇ 19ರಂದು ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ಬಂಡುಕೋರರು ಅಲ್ಲಿದ್ದ ನಿರಾಶ್ರಿತರ ಶಿಬಿರಕ್ಕೆ ನುಗ್ಗಿ ಹತ್ತಾರು ಜನರನ್ನು ಕೊಂದರು. ಈಗ ಅಲ್ಲೊಂದು ಸ್ಮಾರಕ ಇದೆ. ಈ ದಾಳಿಯೂ ಸೇರಿ ಹಲವು ಅಪರಾಧಗಳಿಗೆ ಎಲ್‌ಆರ್‌ಎ ಕಮಾಂಡರ್ ಡೊಮಿನಿಕ್ ಆಂಗ್ವೆನ್‌ಗೆ 2021ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು 25 ವರ್ಷ ಜೈಲು ಶಿಕ್ಷೆ ಕೊಟ್ಟಿತು. ಅವನನ್ನೂ ಚಿಕ್ಕ ಹುಡುಗನಿದ್ದಾಗ ಸ್ಕೂಲಿಗೆ ಹೋಗುವ ದಾರಿಯಲ್ಲಿ ಇದೇ ಬಂಡುಕೋರರು ಹಿಡಿದುಕೊಂಡು ಹೋಗಿದ್ದರು. ಅಲ್ಲಿ ನಿಂತಾಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗಲ್ಲ.

ನನಗೆ ಆಶ್ಚರ್ಯ ಆಗಿದ್ದು ಮಾತ್ರ ಪಾಬೋದಲ್ಲಿ. ದಕ್ಷಿಣ ಸುಡಾನ್ ಗಡಿಯ ನಿಮೂಲೆ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಸಾಮಾನ್ಯ ಪೇಟೆ ಅದು. ಟೊಮ್ಯಾಟೊ ಗುಡ್ಡೆ, ಮೊಬೈಲ್ ರೀಚಾರ್ಜ್ ಡಬ್ಬಿ ಅಂಗಡಿ, ವೆಲ್ಡಿಂಗ್ ಶೆಡ್ಡು. ಹಿಂದೆ ಇಲ್ಲೇ ಈ ಭಾಗದ ಅತಿ ದೊಡ್ಡ ಶಿಬಿರ ಇತ್ತು. ಒತ್ತೊತ್ತಾಗಿ ಹುಲ್ಲಿನ ಗುಡಿಸಲು, ಒಂದಕ್ಕೆ ಬೆಂಕಿ ಬಿದ್ದರೆ ಸಾಲಿಗೆ ಸಾಲೇ ಹೋಗುತ್ತಿತ್ತು. ಜನ ಬಂಡುಕೋರರಿಗೆ ಹೆದರಿ ಓಡಿ ಬಂದವರು ಅಂತ ನಾನು ತಿಳಿದಿದ್ದೆ. ಅದು ಅರ್ಧ ಕಥೆ. 1996ರಿಂದ ಸರ್ಕಾರವೇ ಹಳ್ಳಿ ಖಾಲಿ ಮಾಡಿಸಿ, ಶಿಬಿರಕ್ಕೆ 'ರಕ್ಷಿತ ಗ್ರಾಮ' ಅಂತ ಹೆಸರಿಟ್ಟು ಜನರನ್ನು ಅದರಲ್ಲಿ ತುಂಬಿತು. 2002ರಲ್ಲಂತೂ ಹಳ್ಳಿ ಬಿಟ್ಟು ಶಿಬಿರಕ್ಕೆ ಬರಲು ಸೈನ್ಯ 48 ಗಂಟೆ ಗಡುವು ಕೊಟ್ಟಿತ್ತು. 2005ರ ಹೊತ್ತಿಗೆ ಉತ್ತರದಲ್ಲಿ ಸುಮಾರು 18 ಲಕ್ಷ ಜನ ಇಂಥ ಶಿಬಿರಗಳಲ್ಲಿದ್ದರು. ಗುಲು ಇರುವ ಅಚೋಲಿ ಸೀಮೆಯ ಜನರಲ್ಲಿ ಬಹುಪಾಲು ಎಲ್ಲರೂ ಅದರಲ್ಲಿ ಸೇರಿದ್ದರು. ಆ ವರ್ಷದ ಆರೋಗ್ಯ ಸಮೀಕ್ಷೆ ಪ್ರಕಾರ ಅಲ್ಲಿ ವಾರಕ್ಕೆ ಸುಮಾರು ಸಾವಿರ ಜನ, ಸಾಯಬೇಕಿಲ್ಲದವರು, ಸಾಯುತ್ತಿದ್ದರು. ಮಲೇರಿಯಾ, ಏಡ್ಸ್ ಅಂಥವೇ ಜಾಸ್ತಿ. ಸುತ್ತಲಿನ ಹಳ್ಳಿ, ಶಿಬಿರಗಳ ಮಕ್ಕಳು ಅಪಹರಣದ ಭಯಕ್ಕೆ ಪ್ರತಿ ಸಂಜೆ ಗುಲುವಿಗೆ ನಡೆದು ಬರುತ್ತಿದ್ದರು. ಆಸ್ಪತ್ರೆ ಆವರಣ, ಬಸ್ ಪಾರ್ಕ್, ಅಂಗಡಿ ಜಗುಲಿ, ಎಲ್ಲೆಂದರಲ್ಲಿ ಮಲಗಿ ಬೆಳಿಗ್ಗೆ ವಾಪಸ್ಸು.

ಆದರೆ ಈಗ ಹಳೇ ಶಿಬಿರ ನೋಡಬೇಕು ಅಂತ ಹೋದರೆ ನೋಡಲು ಏನೂ ಸಿಗಲ್ಲ. ಬೋಡಾದವನ ಜೊತೆ ಟೀ ಕುಡಿಯುತ್ತಾ ಹೊಲದ ಬಗ್ಗೆ ಕೇಳಿ, ಸಾಕು. ನಮ್ಮವನ ಮಾತೆಲ್ಲಾ ಜಮೀನಿನದೇ. ಹತ್ತು ವರ್ಷ ಶಿಬಿರದಲ್ಲಿದ್ದು ವಾಪಸ್ ಹೋದಾಗ ಗಡಿ ತೋರಿಸಬೇಕಾದ ಅಜ್ಜ ತೀರಿಕೊಂಡಿದ್ದ, ಗಡಿಯ ಮರ ಯಾರೋ ಇದ್ದಿಲಿಗೆ ಕಡಿದಿದ್ದರು. ಚಿಕ್ಕಪ್ಪನ ಮಕ್ಕಳ ಜೊತೆ ಇನ್ನೂ ಜಗಳ. ದಾಯಾದಿ ಜಗಳ ನಮಗೇನು ಹೊಸದಾ?

ಇನ್ನು ಊಟ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಹೋಟೆಲಿನ ಬಫೆ ಕಡೆ ತಲೆ ಹಾಕಬೇಡಿ, ದುಬಾರಿ ಮತ್ತು ಸಪ್ಪೆ. ಗುಲು ಮಾರ್ಕೆಟ್ ಹತ್ತಿರ ತಗಡಿನ ಮಾಡಿನ ಊಟದ ಅಂಗಡಿಗಳಿವೆ, ಬೆಂಚು ಹಾಕಿರುತ್ತಾರೆ. 'ಕ್ವೋನ್ ಕಾಲ್' ಕೇಳಿ. ತಟ್ಟೆಯಲ್ಲಿ ಬರುವುದು ರಾಗಿ ಮುದ್ದೆ! ಕೆಲವರು ಮರಗೆಣಸಿನ ಹಿಟ್ಟು ಬೆರೆಸುತ್ತಾರೆ, ಆಗ ಸ್ವಲ್ಪ ಅಂಟಂಟು. ರಾಗಿಯ ಮೂಲ ಈ ಕಡೆಯ ಆಫ್ರಿಕಾದ ಎತ್ತರದ ನಾಡೇ, ನಾವು ತುಮಕೂರಿನವರು ಸುಮ್ನೆ ನಮ್ಮದು ಅಂದುಕೊಂಡಿದ್ದೇವೆ. ಅದರ ಜೊತೆ 'ಮಾಲಾಕ್ವಾಂಗ್'. ಬಾಯಿಗಿಟ್ಟ ತಕ್ಷಣ ರಾಯಚೂರಿನ ನನ್ನ ಹೆಂಡತಿ 'ಅಯ್ಯ, ಇದು ಪುಂಡಿ ಪಲ್ಯ ಅಲ್ಲೇನ್ರೀ' ಅಂದಳು. ಪುಂಡಿಯ ಜಾತಿಯದೇ ಹುಳಿ ಸೊಪ್ಪು, ಅದಕ್ಕೆ ಶೇಂಗಾ ಎಳ್ಳು ಅರೆದು ಹಾಕಿರುತ್ತಾರೆ. 'ಲಪೇನಾ' ಅಂದರೆ ತೊಗರಿ, ಅದಕ್ಕೂ ಎಳ್ಳು. ಮುದ್ದೆ ಮುರಿದು ಹೆಬ್ಬೆರಳಿನಿಂದ ಗುಳಿ ಮಾಡಿ ಸಾರು ತುಂಬಿಕೊಳ್ಳುತ್ತಾರೆ. ನಾನು ನುಂಗಿದ್ದು ನೋಡಿ ಅಂಗಡಿಯಾಕೆ ಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಇಬ್ಬರದೂ ಸೇರಿ 10 ಸಾವಿರ ಶಿಲ್ಲಿಂಗ್, ಹೊಟ್ಟೆ ಬಿರಿಯುವಷ್ಟು. ಸಸ್ಯಾಹಾರಿಗಳು ಒಣಮೀನು ಹಾಕಿದ್ದಾರಾ ಅಂತ ಮೊದಲೇ ಕೇಳಿಬಿಡಿ. ಉಂಡ ಮೇಲೆ 'ಅಪ್ವೋಯೊ' ಅನ್ನಿ. ಮಧ್ಯಾಹ್ನ ಒಂದರ ನಂತರ ಮಾಲಾಕ್ವಾಂಗ್ ಖಾಲಿ.

ಮರ್ಚಿಸನ್ ಜಲಪಾತಕ್ಕೂ ಹೋಗಿದ್ದೆವು. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ.

ಕೊನೆಗೆ ಬಸ್ಸು. ಕಂಪಾಲಾದಲ್ಲಿ 'ಈಗಲೇ ಹೊರಡುತ್ತೆ' ಅನ್ನುವ ಏಜೆಂಟನ್ನು ನಂಬಬೇಡಿ. ಇಂಜಿನ್ ಗುರ್ ಅನ್ನಿಸುತ್ತಾ ಒಂದು ಅಡಿ ಮುಂದೆ, ಒಂದು ಅಡಿ ಹಿಂದೆ ಆಡಿಸುತ್ತಾರೆ, ಹೊರಡುವುದು ಸೀಟು ತುಂಬಿದ ಮೇಲೆ. ಏಳಕ್ಕೆ ಹತ್ತಿದ ನಾವು ಪೇಟೆ ದಾಟಿದಾಗ ಹತ್ತೂವರೆ. ಟಿಕೆಟ್ಟಿನಲ್ಲಿ ಬರೆದದ್ದಕ್ಕಿಂತ 10 ಸಾವಿರ ಜಾಸ್ತಿ ಬೇರೆ ತಗೊಂಡಿದ್ದ. ಮುಕ್ಕಾಲು ಭಾಗ ತುಂಬಿರುವ ಬಸ್ಸು ನೋಡಿಯೇ ಹತ್ತಿ. ಎರಡು ಸೀಟಿನ ಕಡೆ ಕೂತುಕೊಳ್ಳಿ, ಮೂರು ಸೀಟಿನ ಕಡೆ ನಾಲ್ಕನೆಯವರು ಬಂದೇ ಬರುತ್ತಾರೆ, ಜೊತೆಗೆ ಕೋಳಿ. ಕರೂಮಾ ಸೇತುವೆ ಬಂದಾಗ ನೈಲ್ ನೋಡಿ, ಫೋನ್ ಮಾತ್ರ ಜೇಬಿನಲ್ಲೇ ಇರಲಿ, ಸೈನಿಕರು ಫೋಟೋಗೆ ಬಿಡಲ್ಲ. ಹತ್ತಿರದಲ್ಲಿ ಬಸ್ ನಿಂತಾಗ ಕಿಟಕಿಗೆ ಸುಟ್ಟ ಮರಗೆಣಸು ಬರುತ್ತೆ. ಚಿಲ್ಲರೆ ಕೈಯಲ್ಲಿಟ್ಟುಕೊಂಡಿರಿ, ಬಸ್ ಹೊರಟರೆ ಬಾಕಿ ಹಣ ಅವರ ಕೈಯಲ್ಲೇ ಉಳಿಯುತ್ತೆ.