ಹಾಜರಿ ಪುಸ್ತಕದಲ್ಲಿ ಪೂರ್ತಿ ಹೆಸರು

ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು ಹಾಜರಿ ಕೂಗುವ ದನಿಯನ್ನು ಮರೆಯುವುದಿಲ್ಲ. ಹಗಲಿಡೀ ಹೋಟೆಲಿನಲ್ಲಿ ‘ಏ ಮಾಣಿ’, ‘ಏ ಛೋಟು’ ಅನ್ನಿಸಿಕೊಂಡ ಹುಡುಗನ ಕಿವಿಗೆ ಅವನ ಪೂರ್ತಿ ಹೆಸರು ಬೀಳುತ್ತಿದ್ದುದು ದಿನಕ್ಕೆ ಒಂದೇ ಸಲ, ಶಾಲೆಯಲ್ಲಿ. ಜೂನಿನ ಮೊದಲ ವಾರ ಮಾಸ್ತರರು ಹೆಸರನ್ನು ಹುಡುಗನ ಬಾಯಿಂದಲೇ ಹೇಳಿಸಿ, ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಆಗ ಅದರ ಬೆಲೆ ಗೊತ್ತಿರಲಿಲ್ಲ. ಅದೇ ವಯಸ್ಸಿನ ಮಕ್ಕಳೊಂದಿಗೆ ಕೆಲಸ ಮಾಡುವ ನಮ್ಮಂಥ ಹಳೆಯ ವಿದ್ಯಾರ್ಥಿಗಳಿಗೆ ಈಗ ಗೊತ್ತಾಗುತ್ತಿದೆ.

ಇಲ್ಲಿಯ ಫಾರ್ಮುಗಳಲ್ಲಿ ಸಾಮಾನ್ಯವಾಗಿ ಮನೆತನದ ಹೆಸರೇ ಮೊದಲು. ‘ಉಳ್ಳಾಗಡ್ಡಿ’ ಎಂಬುದರ ಅರ್ಥ ಒಬ್ಬನಿಗೆ ತಿಳಿದರೆ ಸಾಕು, ಮರುದಿನದಿಂದ ಆ ಹುಡುಗಿ ಇಡೀ ತರಗತಿಗೆ ‘ಕಾಂದಾ’, ಅಂದರೆ ಮರಾಠಿಯ ಈರುಳ್ಳಿ. ‘ಹಡಪದ’, ‘ಬಡಿಗೇರ’ ಎಂದು ಕೂಗಿದರೆ ಕುಲಕಸುಬನ್ನೇ ಕೂಗಿದಂತೆ. ಕರಾವಳಿಯ ಮಕ್ಕಳಿಗೆ ‘ಇಡ್ಲಿ’, ಎಲ್ಲರಿಗೂ ಸೇರಿ ‘ಮದ್ರಾಸಿ’. ಐದನೆಯ ತರಗತಿಯಲ್ಲಿ ನಕ್ಕು ಸುಮ್ಮನಾಗುತ್ತಿದ್ದ ಮಗು ಎಂಟು-ಒಂಬತ್ತಕ್ಕೆ ಬರುವಾಗ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಅಮ್ಮ ಫೋನು ಮಾಡಿದರೆ ಗೆಳೆಯರೆದುರು ತುಳು ಮಾತಾಡದೆ ಕಟ್ ಮಾಡುತ್ತದೆ. ಅಪ್ಪನ ಕೆಲಸ ಕೇಳಿದರೆ ‘ಬಿಸಿನೆಸ್’ ಅನ್ನುತ್ತದೆ. ಡಬ್ಬದ ಮುಚ್ಚಳವನ್ನು ಅರ್ಧ ಸರಿಸಿ, ಕೈ ಅಡ್ಡ ಹಿಡಿದು ಉಣ್ಣುತ್ತದೆ. ಟೀಚರ್ ನೋಡಬೇಕಾದದ್ದು ಇಂಥವನ್ನು. ಅಂಕಪಟ್ಟಿಯಲ್ಲಿ ಇದು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಅಡ್ಡಹೆಸರು ತರಗತಿಯಲ್ಲಿ ಬಿದ್ದಾಗ ಮೊದಲ ಅರ್ಧ ನಿಮಿಷವೇ ಮುಖ್ಯ. ಪಾಠ ನಿಲ್ಲಿಸಿ, ದನಿ ಏರಿಸದೆ, ‘ಈ ಕ್ಲಾಸಿನಲ್ಲಿ ಯಾರನ್ನೂ ಹಾಗೆ ಕರೆಯುವುದಿಲ್ಲ’ ಎಂದು ಹೇಳಿ ಪಾಠಕ್ಕೆ ಮರಳಬೇಕು. ನೊಂದ ಮಗುವಿನ ಕಡೆ ನೋಡಬಾರದು. ನೋಡಿದರೆ ಇನ್ನು ನಲವತ್ತು ಜೋಡಿ ಕಣ್ಣು ಅತ್ತ ತಿರುಗುತ್ತವೆ. ಅಂದವನನ್ನು ಆಮೇಲೆ ಒಬ್ಬನೇ ಇರುವಾಗ ಕರೆದು, ಆ ಮಾತು ಎಲ್ಲಿ ಕೇಳಿದೆ, ಅದರ ಅರ್ಥ ಗೊತ್ತೇ ಎಂದು ವಿಚಾರಿಸಬೇಕು. ನೊಂದವಳನ್ನು ಬೇರೆಯಾಗಿ ಮಾತಾಡಿಸಬೇಕು, ಎರಡು ದಿನ ಬಿಟ್ಟು ಮತ್ತೊಮ್ಮೆ. ಬಹಳ ಕಡೆ ಎಡವುವುದು ಎಲ್ಲರೆದುರು ‘ಸಾರಿ’ ಹೇಳಿಸಿ ಕೈ ಕುಲುಕಿಸುವುದರಲ್ಲಿ. ಆ ಕ್ಷಣಕ್ಕೆ ಶಾಂತಿ; ಸಂಜೆ ಗೇಟಿನಾಚೆ ‘ಚಾಡಿ’ ಎಂಬ ಇನ್ನೊಂದು ಹೆಸರು ಸೇರಿಕೊಳ್ಳುತ್ತದೆ. ಕೇಳಿಯೂ ಕೇಳದಂತೆ ಇರುವುದು ಇನ್ನೂ ಕೆಟ್ಟದ್ದು. ಮಕ್ಕಳು ಅದನ್ನು ಅನುಮತಿ ಎಂದೇ ತಿಳಿಯುತ್ತಾರೆ.

ಜಾತಿ, ಊರು ನೋಡಿ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದು ಹೊಗಳಿಕೆಯಲ್ಲೂ ಅಡಗಿರುತ್ತದೆ. ‘ಶೆಟ್ರ ಮಗ, ಲೆಕ್ಕ ಬರಲೇಬೇಕು’ ಎನ್ನುವಾಗ ನಮ್ಮವರಿಗೆ ಪ್ರೀತಿಯೇ ಇರುತ್ತದೆ, ಆದರೆ ಲೆಕ್ಕ ಬಾರದ ಶೆಟ್ರ ಮಗನ ಗತಿ? ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್‌ಸನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದು ನಿಮ್ಮ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ ಎಂದು ಹೇಳಿದಾಗ ಕಪ್ಪು ವಿದ್ಯಾರ್ಥಿಗಳ ಸಾಧನೆ ಕುಸಿಯಿತು. ಹಾಗೆ ಹೇಳದಿದ್ದಾಗ ಬಿಳಿಯ ವಿದ್ಯಾರ್ಥಿಗಳೊಂದಿಗಿನ ಅಂತರ ಬಹಳ ಕಡಿಮೆಯಾಯಿತು. ತಮ್ಮವರ ಬಗೆಗಿನ ಅಚ್ಚು ನಿಜವಾದೀತೆಂಬ ಅಳುಕೇ ಅಡ್ಡ ಬರುತ್ತದೆ ಎಂಬುದು ಅವರ ವಿವರಣೆ. ಆದ್ದರಿಂದ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿನಲ್ಲಿ ಜಾತಿ, ಊರು, ಹೆಣ್ಣು-ಗಂಡು ಎಂಬ ಮಾತೇ ಬೇಡ. ಉತ್ತರ ತಿದ್ದುವಾಗ ‘ಪರವಾಗಿಲ್ಲ’ ಎಂದು ಸವರುವುದೂ ಬೇಡ. ‘ಎಲ್ಲರಿಂದಲೂ ಇಷ್ಟು ನಿರೀಕ್ಷಿಸುತ್ತೇನೆ, ನೀನು ಮುಟ್ಟಬಲ್ಲೆ, ಮೂರನೆಯ ಹಂತದಲ್ಲಿ ತಪ್ಪಿದೆ ನೋಡು’: ಹೀಗೆ ಮೂರೂ ಸೇರಿದರೆ ಮಾತು ನಾಟುತ್ತದೆ.

ಒಂದು ಮಗುವನ್ನು ಇಡೀ ನಾಡಿನ ಪ್ರತಿನಿಧಿ ಮಾಡುವುದನ್ನೂ ನಿಲ್ಲಿಸಬೇಕು. ನವೆಂಬರ್ 1 ಬಂತೆಂದರೆ ಅದೇ ಹುಡುಗನಿಗೆ ಯಕ್ಷಗಾನದ ವೇಷ, ‘ನಿಮ್ಮಲ್ಲಿ ಹೇಗಪ್ಪಾ?’ ಎಂಬ ಪ್ರಶ್ನೆ. ಇದಕ್ಕಿಂತ ಒಂದು ಪೀರಿಯಡ್ ಸಾಕು. ಹಾಳೆಯನ್ನು ನಾಲ್ಕಾಗಿ ಮಡಚಿ ಮನೆ, ಚಾಳು, ಶಾಲೆ, ಮೊಬೈಲು ಎಂದು ಬರೆಸಿ. ಎಲ್ಲೆಲ್ಲಿ ಯಾವ ಭಾಷೆ ಎಂದು ಐದು ನಿಮಿಷ ತುಂಬಿಸಲಿ. ಮೊದಲು ಟೀಚರ್ ತಮ್ಮದನ್ನೇ ಬೋರ್ಡಿನ ಮೇಲೆ ತುಂಬಬೇಕು. ಆಮೇಲೆ ಇಬ್ಬಿಬ್ಬರು ಮಾತಾಡಿಕೊಳ್ಳಲಿ. ಎದ್ದು ಓದಲು ಯಾರಿಗೂ ಒತ್ತಾಯವಿಲ್ಲ. ತುಳು, ಕೊಂಕಣಿ, ಲಂಬಾಣಿ, ಮರಾಠಿ, ಹಿಂದಿ ಎಲ್ಲ ಒಂದೇ ಹಾಳೆಯಲ್ಲಿ ಬಂದು ಕೂರುತ್ತವೆ, ‘ಮದ್ರಾಸಿ’ಗೆ ಅಲ್ಲಿ ಜಾಗವೇ ಸಿಗುವುದಿಲ್ಲ.

ನಡಿಗೆ, ದನಿ, ಉಡುಪಿನ ಕಾರಣಕ್ಕೆ ಹೀಯಾಳಿಕೆಗೆ ಸಿಕ್ಕುವ ಮಕ್ಕಳ ನೋವು ಇನ್ನೂ ಆಳ. ತಾನು ಹುಡುಗನೋ ಹುಡುಗಿಯೋ ಎಂಬ ಗೊಂದಲವನ್ನು ಮಗು ಹೇಳಿಕೊಂಡರೆ, ಅದೇ ಸಂಜೆ ಮನೆಗೆ ಫೋನು ಮಾಡುವುದು ದೊಡ್ಡ ತಪ್ಪು. ಹಾಗೆಂದು ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಲೂಬಾರದು. ಲೈಂಗಿಕ ದೌರ್ಜನ್ಯ ಗೊತ್ತಾದರೆ, ಮಕ್ಕಳನ್ನು ಅದರಿಂದ ಕಾಪಾಡಲೆಂದೇ ಬಂದ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ದೂರು ಕೊಡಲೇಬೇಕು. ‘ನಿನ್ನ ಜೀವಕ್ಕೆ, ಮೈಗೆ ಅಪಾಯವಿದ್ದರೆ ಮಾತ್ರ ಇನ್ನೊಬ್ಬರಿಗೆ ಹೇಳುತ್ತೇನೆ, ಮೊದಲು ನಿನಗೆ ತಿಳಿಸುತ್ತೇನೆ’ ಅನ್ನಿ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098: ಈ ಎರಡು ನಂಬರು ಶೌಚಾಲಯದ ಬಾಗಿಲ ಒಳಬದಿಯಲ್ಲಿ ಇರಲಿ. ನೋಟೀಸ್ ಬೋರ್ಡಿನೆದುರು ನಿಂತು ಯಾವ ಮಗುವೂ ಬರೆದುಕೊಳ್ಳುವುದಿಲ್ಲ.

ರಾತ್ರಿಶಾಲೆಯಲ್ಲಿ ಹಾಜರಿ ಎರಡು ಸಲ ಆಗುತ್ತಿತ್ತು. ಹೋಟೆಲಿನ ಡ್ಯೂಟಿ ಮುಗಿಸಿ, ಕೈಯ ಎಣ್ಣೆ ಒರೆಸಿಕೊಳ್ಳುತ್ತ ತಡವಾಗಿ ಬಂದವರು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೊನೆಯ ಪೀರಿಯಡ್ಡಿನಲ್ಲಿ ಮಾಸ್ತರರು ಪುಸ್ತಕ ಮತ್ತೆ ತೆರೆದು, ಬಿಟ್ಟುಹೋದ ಹೆಸರುಗಳನ್ನು ಒಂದೊಂದಾಗಿ, ಪೂರ್ತಿಯಾಗಿ ಕೂಗುತ್ತಿದ್ದರು.